ಅಂಬಾಸಡರ್ ಇಂಜಿನ್ನಿಗೆ 14 ಭಾನುವಾರ

ಅಮ್ಮಿನಬಾವಿಯ ನಮ್ಮ ಮನೆಯಲ್ಲಿ ಎತ್ತು ಕಟ್ಟುತ್ತಿದ್ದ ಜಾಗದಲ್ಲೀಗ ಅಪ್ಪನ 1978ರ ಅಂಬಾಸಡರ್ ನಿಲ್ಲುತ್ತದೆ. ಎರಡು ವರ್ಷದಿಂದ ಅದು ನೀಲಿ ಹೊಗೆ ಬಿಡುತ್ತಿತ್ತು, ಆಯಿಲ್ ಕುಡಿಯುತ್ತಿತ್ತು. ‘ಇಂಜಿನ್ ಕೆಲಸಕ್ಕ ಬಂದೈತಿ’ ಎಂದರು ಅಪ್ಪನ ಕಾಲದ ಮೇಸ್ತ್ರಿ. ನಾನೇ ಬಿಚ್ಚಿ ಕಟ್ಟುತ್ತೇನೆ ಎಂದಾಗ ಬೇಡ ಎನ್ನಲಿಲ್ಲ. ‘ಆತು ತಮ್ಮಾ, ಆದ್ರ ಅವಸರ ಮಾಡಬ್ಯಾಡ’ ಎಂದಷ್ಟೇ ಹೇಳಿದರು.

ಮಾರಿಸ್ ಆಕ್ಸ್‌ಫರ್ಡ್ ಮಾದರಿಯನ್ನು ಆಧರಿಸಿ ಹಿಂದುಸ್ತಾನ್ ಮೋಟಾರ್ಸ್ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೂ ತಯಾರಿಸಿದ ಗಾಡಿ ಇದು. ನಮ್ಮದರಲ್ಲಿರುವುದು 1489 ಸಿ.ಸಿ.ಯ ಪೆಟ್ರೋಲ್ ಇಂಜಿನ್. ನಾಲ್ಕು ಸಿಲಿಂಡರ್, ಎಂಟು ವಾಲ್ವ್. ಬ್ಲಾಕೂ ಹೆಡ್ಡೂ ಎರಕದ ಕಬ್ಬಿಣ. ಬಾನೆಟ್ ಎತ್ತಿದರೆ ಎಲ್ಲಕ್ಕೂ ಕೈ ಹೋಗುತ್ತದೆ. ಇಂಚಿನ ಪಾನಾ ಮಾತ್ರ ಬೇಕೇ ಬೇಕು. ಮಿಲಿಮೀಟರಿನದು ಹಾಕಿದರೆ ನಟ್ಟಿನ ಮೂಲೆ ಉರುಟಾಗುತ್ತದೆ.

ತೊಲೆಗೆ ಚೈನ್ ಪುಲ್ಲಿ ಕಟ್ಟಿ ಇಂಜಿನ್ ಇಳಿಸಿ ಬಿಚ್ಚಿದ್ದು ಎರಡು ಭಾನುವಾರದಲ್ಲಿ. ರಟ್ಟಿನಲ್ಲಿ ಎಂಟು ತೂತು ಕೊರೆದು ಪುಶ್ ರಾಡುಗಳನ್ನು ಸಾಲಾಗಿ ಸಿಕ್ಕಿಸಿ ನಂಬರ್ ಬರೆದೆ. ಸವೆದ ಭಾಗ ತನ್ನ ಜೊತೆಯದರೊಂದಿಗೆ ಹೊಂದಿಕೊಂಡಿರುತ್ತದೆ, ಅದಲುಬದಲಾಗಬಾರದು. ಆಮೇಲೆ ಶುರುವಾಯಿತು ತೊಳೆಯುವ ಕೆಲಸ. ಡೀಸೆಲ್ಲಿನಲ್ಲಿ ನೆನೆಸುವುದು, ಇಂಗಾಲ ಕೆರೆಯುವುದು, ಆಯಿಲ್ ಹರಿಯುವ ಸಣ್ಣ ದಾರಿಗಳಲ್ಲಿ ಬ್ರಶ್ ಆಡಿಸುವುದು. ಐದು ಭಾನುವಾರ ಅದಕ್ಕೇ ಹೋಯಿತು. ಇಂಜಿನ್ ಕಟ್ಟುವುದೆಂದರೆ ಹೆಚ್ಚಿನ ಪಾಲು ತೊಳೆಯುವುದು, ಅಳೆಯುವುದು, ಕಾಯುವುದು ಎಂದು ನನಗೆ ತಿಳಿದದ್ದು ಆಗ.

ಸಿಲಿಂಡರಿನ ಒಳಮೈ ಬೆರಳಿಗೆ ಗಾಜಿನಂತೆ ನುಣುಪು. ಚೆನ್ನಾಗಿದೆ ಅಂದುಕೊಂಡೆ. ಮೇಸ್ತ್ರಿ ಬೋರ್ ಗೇಜ್ ಇಳಿಸಿದರು: ಮೇಲ್ತುದಿಯಲ್ಲಿ ಎಂಟು ತೌ ಸವೆತ. ತೌ ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು. ಕೂದಲೆಳೆಯ ಎರಡು-ಮೂರು ಪಟ್ಟು ದಪ್ಪದ ಆ ಸಂದಿಯಿಂದಲೇ ಅಷ್ಟೆಲ್ಲ ಹೊಗೆ.

ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್ ಮನೆಯಲ್ಲಿ ಆಗುವ ಮಾತಲ್ಲ. ಹುಬ್ಬಳ್ಳಿಯ ಲೇಥ್ ಅಂಗಡಿಗೇ ಹೋಗಬೇಕು. 20 ತೌ ಓವರ್‌ಸೈಜ್ ಪಿಸ್ಟನ್ ಮೊದಲು ತಂದುಕೊಟ್ಟೆ. ಪಿಸ್ಟನ್ನಿನ ಅಳತೆ ಹಿಡಿದು ಬೋರ್ ಮಾಡುತ್ತಾರೆಯೇ ಹೊರತು ಬೋರಿಗೆ ಪಿಸ್ಟನ್ ಹುಡುಕುವುದಿಲ್ಲ. ಅಲ್ಲಿ ಮೂರು ವಾರ ಸರದಿ.

ಬ್ಲಾಕ್ ಬಂದಾಗ ಮಳೆಗಾಲ ಹಿಡಿದಿತ್ತು. ಅದೇ ಒಳ್ಳೆಯದಾಯಿತು. ಬೇಸಿಗೆಯಲ್ಲಿ ನಮ್ಮ ಎರಿ ಹೊಲದ ಧೂಳು ಮುಚ್ಚಿದ ಕಿಟಕಿಯಿಂದಲೂ ಒಳಬರುತ್ತದೆ. ಹೊಸ ಬೇರಿಂಗಿನ ಮೇಲೆ ಅದರ ಒಂದು ಕಣ ಕೂತರೂ ಗೀರು ಬೀಳುತ್ತದೆ. ಒಂದು ಭಾನುವಾರವಿಡೀ ರಿಂಗಿನದೇ ಕೆಲಸ. ಪ್ರತಿ ರಿಂಗನ್ನೂ ಸಿಲಿಂಡರಿಗಿಟ್ಟು, ಪಿಸ್ಟನ್ನನ್ನು ತಲೆಕೆಳಗಾಗಿ ಹಿಡಿದು ನೇರ ಒತ್ತಿ, ಬಾಯಿಯ ಸಂದಿಗೆ ಫೀಲರ್ ಗೇಜ್ ತೂರಿಸಿ ನೋಡಬೇಕು. ಬಿಗಿಯಿದ್ದರೆ ಅರದಿಂದ ಎರಡೆಳೆತ, ಮತ್ತೆ ಅಳತೆ. ಉಳಿದೆಲ್ಲ ಜೋಡಿಸಿದ್ದು ಎರಡೇ ಭಾನುವಾರ. ಹೆಡ್ಡಿನ ನಟ್ಟುಗಳನ್ನು ನಡುವಿನಿಂದ ಹೊರಕ್ಕೆ, ಒಂದೇ ಸಲಕ್ಕಲ್ಲದೆ ಹಂತಹಂತವಾಗಿ ಬಿಗಿದೆ.

ಕೊನೆಯ ಭಾನುವಾರ ಚಾಲೂ ಮಾಡುವ ಮುಂಚೆ ಮೇಸ್ತ್ರಿ ಪ್ಲಗ್ಗುಗಳನ್ನೂ ಮೇಲಿನ ಮುಚ್ಚಳವನ್ನೂ ತೆಗೆಸಿದರು. ಅಪ್ಪ ಸ್ಟಾರ್ಟರ್ ತಿರುಗಿಸುತ್ತಿದ್ದರು, ನಾನು ಟಾರ್ಚ್ ಹಿಡಿದಿದ್ದೆ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಮೊದಲ ರಾಕರಿನ ಬುಡದಲ್ಲಿ ಒಂದು ಹನಿ ಆಯಿಲ್ ಮೂಡಿ, ಮಿನುಗಿ, ಮೆಲ್ಲಗೆ ಕೆಳಗಿಳಿಯಿತು. ‘ಬಂತು’ ಎಂದರು ಮೇಸ್ತ್ರಿ. ‘ಈಗ ಪ್ಲಗ್ ಹಾಕು.’