ಬಾಂಬಿನ ಇಂಜಿನ್ ಸೈಕಲ್ ಏರಿದ ಕಥೆ

ನೋರಾ ಎಂಬುದು ಒಂದು ಹಳೆಯ ಲೇಡೀಸ್ ಸೈಕಲ್ಲಿನ ಹೆಸರು. ಇಂಗ್ಲೆಂಡಿನ ಸಣ್ಣ ಊರುಗಳಲ್ಲಿ ಹೆಂಗಸರು ಅಂಗಡಿಗೆ ಹೋಗಿಬರಲು ಇಟ್ಟುಕೊಳ್ಳುವಂಥದು. 2013ರಲ್ಲಿ ಕಾಲಿನ್ ಫರ್ಜ್ ಎಂಬವರು ತಾವೇ ಮಾಡಿದ ಜೆಟ್ ಇಂಜಿನ್ನನ್ನು ಅದಕ್ಕೆ ಕೂರಿಸಿ, ಗಂಟೆಗೆ 50 ಮೈಲಿ, ಎಂದರೆ ಸುಮಾರು 80 ಕಿಲೋಮೀಟರ್ ವೇಗದಲ್ಲಿ ಓಡಿಸಿದರು. ಅದರ ವಿಡಿಯೊ ಜಗತ್ತೆಲ್ಲ ಸುತ್ತಿತು. ನೋಡಿದವರು ನಕ್ಕರು, ಹುಚ್ಚಾಟ ಎಂದರು, ಇನ್ನೊಮ್ಮೆ ನೋಡಿದರು.

ಹುಚ್ಚಾಟವೇನೋ ಹೌದು. ಆದರೆ ಆ ಇಂಜಿನ್ನಿಗೆ ನೂರು ವರ್ಷದ ಚರಿತ್ರೆಯಿದೆ, ಆ ಚರಿತ್ರೆಯಲ್ಲಿ ಸಾವಿರಾರು ಜನರ ಸಾವೂ ಇದೆ. ದೊಡ್ಡ ದೊಡ್ಡ ಸರ್ಕಾರಗಳು ಹಣ ಸುರಿದು ಬೆಳೆಸಿ, ಆಮೇಲೆ ಮೂಲೆಗೆ ತಳ್ಳಿದ ಯಂತ್ರವೊಂದು ಪ್ಲಂಬರ್ ಒಬ್ಬನ ಶೆಡ್ಡಿಗೆ ಹೇಗೆ ಬಂತು ಎನ್ನುವುದು ನನಗೆ ಸೈಕಲ್ ಸವಾರಿಗಿಂತ ಸ್ವಾರಸ್ಯವಾಗಿ ಕಂಡಿದೆ.

ಪ್ಲಂಬರ್ ಎಂದದ್ದು ಅಲಂಕಾರದ ಮಾತಲ್ಲ. ಲಿಂಕನ್‌ಶೈರ್‌ನ ಸ್ಟ್ಯಾಮ್‌ಫರ್ಡಿನವರಾದ ಫರ್ಜ್ 16ನೇ ವಯಸ್ಸಿಗೆ ಶಾಲೆ ಬಿಟ್ಟು ನಲ್ಲಿ, ಪೈಪಿನ ಕೆಲಸಕ್ಕೆ ಇಳಿದವರು. ಬಿಡುವಿನಲ್ಲಿ ಬಿಎಂಎಕ್ಸ್ ಸೈಕಲ್ಲಿನ ಕಸರತ್ತು. ಶರ್ಟಿನ ಮೇಲೆ ಟೈ ಕಟ್ಟಿಕೊಂಡೇ ವೆಲ್ಡಿಂಗ್‌ಗೆ ಕೂರುತ್ತಾರೆ. ಅದು ಸುರಕ್ಷತೆಯ ಟೈ ಎಂಬುದು ಅವರದೇ ತಮಾಷೆ. ಇಂಜಿನಿಯರಿಂಗ್ ಓದಿಲ್ಲ. ಆದರೆ ಪೈಪು ಕತ್ತರಿಸಿ, ಬೆಸೆದು, ಸೋರದಂತೆ ಕೂಡಿಸುವುದು ಗೊತ್ತು. ಈ ಇಂಜಿನ್ನಿಗೆ ಮುಖ್ಯವಾಗಿ ಬೇಕಾದ ವಿದ್ಯೆಯೂ ಅದೇ.

ಸೈಕಲ್ಲಿಗೆ ಬೆಂಕಿ ಕಟ್ಟಿ ಓಡಿಸುವ ಆಸೆ ನೋರಾಗಿಂತ ಬಹಳ ಹಳೆಯದು. 1928ರ ಮೇ ತಿಂಗಳಲ್ಲಿ ಜರ್ಮನಿಯ ಕಾರು ತಯಾರಕರ ಮನೆತನದ ಫ್ರಿಟ್ಜ್ ಫಾನ್ ಓಪೆಲ್ ಬರ್ಲಿನ್ನಿನ ಆವುಸ್ ರೇಸ್ ರಸ್ತೆಯಲ್ಲಿ ರಾಕೆಟ್ ಕಾರನ್ನು ಗಂಟೆಗೆ 230 ಕಿಲೋಮೀಟರ್ ಮೀರಿ ಓಡಿಸಿದ್ದರು. ದೇಶಕ್ಕೇ ರಾಕೆಟ್ ಜ್ವರ ಹಿಡಿಯಿತು. 1931ರಲ್ಲಿ ಅದೇ ರಸ್ತೆಗೆ ರಿಕ್ಟರ್ ಎಂಬ ಸವಾರ ಸೈಕಲ್ ತಂದ. ಹಿಂದಿನ ಚಕ್ರದ ಹಿಂದೆ ಮದ್ದು ತುಂಬಿದ 12 ರಾಕೆಟ್ಟುಗಳು, ಹೊತ್ತಿಸಲು ವಿದ್ಯುತ್ ತಂತಿ. ಸುಮಾರು 90 ಕಿಲೋಮೀಟರ್ ವೇಗ ಮುಟ್ಟುವಷ್ಟರಲ್ಲಿ ಸೈಕಲ್ ಅವನನ್ನು ಎತ್ತಿ ಒಗೆಯಿತು. ಹೈದರ್, ಟಿಪ್ಪು ಕಾಲದ ಕಬ್ಬಿಣದ ಕೊಳವೆಯ ರಾಕೆಟ್ಟಿನಿಂದ ರಿಕ್ಟರನ ತನಕ ಮದ್ದಿನ ರಾಕೆಟ್ಟಿನ ಗುಣ ಒಂದೇ: ಹೊತ್ತಿಸುವುದು ನಮ್ಮ ಕೈಯಲ್ಲಿ, ಆರಿಸುವುದು ನಮ್ಮ ಕೈಯಲ್ಲಿಲ್ಲ. ಶತ್ರುವಿನ ಮೇಲೆ ಬಿಡುವಾಗ ಇದರಿಂದ ತೊಂದರೆಯಿಲ್ಲ. ತಾನೇ ಹತ್ತಿ ಕೂತಾಗ ತೊಂದರೆ.

ಬೇಕಾದಾಗ ಹೆಚ್ಚಿಸಿ, ಬೇಡವಾದಾಗ ನಿಲ್ಲಿಸುವಂತಿರಬೇಕಾದರೆ ಜೆಟ್ ಇಂಜಿನ್ನೇ ಸರಿ. ಆದರೆ ವಿಮಾನದಲ್ಲಿರುವ ಜೆಟ್ ಮನೆಯಲ್ಲಿ ಮಾಡುವ ಸಾಮಾನಲ್ಲ. ಗಾಳಿಯನ್ನು ಹಿಂಡುವ ಚಕ್ರ, ಆ ಚಕ್ರವನ್ನು ತಿರುಗಿಸುವ ಟರ್ಬೈನ್, ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ಸಹಿಸುವ ಬೇರಿಂಗು, ಎಲ್ಲವೂ ಕೂದಲೆಳೆಯ ಲೆಕ್ಕದಲ್ಲಿ ಕೂರಬೇಕು. ಹಾಗಿದ್ದೂ ಹಟ ಹಿಡಿದವರಿದ್ದಾರೆ. ಲಾರಿಯ ಟರ್ಬೋಚಾರ್ಜರ್ ಗುಜರಿಯಿಂದ ತಂದು, ಅದಕ್ಕೊಂದು ಉರಿಯುವ ಡಬ್ಬಿ ಬೆಸೆದು ಜೆಟ್ ಮಾಡುವವರು ಹಲವರು. ಜರ್ಮನಿಯ ಕುರ್ಟ್ ಶ್ರೆಕ್ಲಿಂಗ್ ಆಟದ ವಿಮಾನಕ್ಕಾಗಿ ಮಾಡಿದ ಪುಟ್ಟ ಟರ್ಬೈನಿನಲ್ಲಿ ಗಾಳಿ ಹಿಂಡುವ ಚಕ್ರವನ್ನು ಪ್ಲೈವುಡ್ಡಿನಿಂದ ಕೆತ್ತಿ, ಒಡೆಯದಂತೆ ಕಾರ್ಬನ್ ಎಳೆ ಸುತ್ತಿದ್ದರು. ಮರದ ಚಕ್ರದ ಜೆಟ್ ಹಾರಿತು! ಅದು ಬೇರೆಯೇ ಕಥೆ. ಫರ್ಜ್ ಹಿಡಿದ ದಾರಿ ಇನ್ನೂ ಸರಳವಾದದ್ದು.

ಆ ದಾರಿಯ ಹೆಸರು ಪಲ್ಸ್ ಜೆಟ್. ತಿರುಗುವ ಭಾಗ ಒಂದೂ ಇಲ್ಲ. ಉಬ್ಬಿದ ಉಕ್ಕಿನ ಡಬ್ಬಿ, ಅದಕ್ಕೆ ಗಾಳಿ ಬರಲು ಗಿಡ್ಡ ಕೊಳವೆ, ಹೊಗೆ ಹೋಗಲು ಉದ್ದ ಕೊಳವೆ. ಡಬ್ಬಿಯೊಳಗೆ ಗ್ಯಾಸು, ಗಾಳಿ ಬೆರೆತು ಹೊತ್ತಿಕೊಂಡ ಕೂಡಲೇ ಬಿಸಿ ಅನಿಲ ಹೊರಕ್ಕೆ ನುಗ್ಗುತ್ತದೆ. ಉದ್ದ ಕೊಳವೆಯಲ್ಲಿ ಒಮ್ಮೆ ಓಟ ಹಿಡಿದ ಅನಿಲ ಥಟ್ಟನೆ ನಿಲ್ಲಲಾರದು. ಒಳಗಿನ ಒತ್ತಡ ಇಳಿದ ಮೇಲೂ ಓಡುತ್ತಲೇ ಇರುತ್ತದೆ. ಹಾಗಾಗಿ ಅದರ ಬೆನ್ನಿಗೆ ಡಬ್ಬಿಯೊಳಗಿನ ಒತ್ತಡ ಹೊರಗಿನದಕ್ಕಿಂತಲೂ ಕಡಿಮೆಯಾಗುತ್ತದೆ. ಆಗ ಗಿಡ್ಡ ಕೊಳವೆಯಿಂದ ಹೊಸ ಗಾಳಿ ಎಳೆದುಕೊಳ್ಳುತ್ತದೆ. ಅಷ್ಟರಲ್ಲಿ ಉದ್ದ ಕೊಳವೆಯಿಂದ ಸ್ವಲ್ಪ ಬಿಸಿ ಅನಿಲವೂ ಹಿಂದಿರುಗಿ ಬಂದು ಹೊಸ ಮಿಶ್ರಣವನ್ನು ಒತ್ತುತ್ತದೆ, ಹೊತ್ತಿಸುತ್ತದೆ. ಮತ್ತೆ ಸ್ಫೋಟ. ಒಂದು ಸೆಕೆಂಡಿನಲ್ಲಿ ಇದು ಹತ್ತಾರು ಸಲ ನಡೆದುಹೋಗುತ್ತದೆ. ಸ್ಪಾರ್ಕ್ ಪ್ಲಗ್ಗು ಶುರುಮಾಡಲು ಮಾತ್ರ ಬೇಕು.

20ನೇ ಶತಮಾನದ ಮೊದಲ ದಶಕದಲ್ಲೇ ರಷ್ಯಾದ ವಿಕ್ಟರ್ ಕರವೋದಿನ್, ಅವನ ಹಿಂದೆಯೇ ಫ್ರಾನ್ಸಿನ ಜಾರ್ಜ್ ಮಾರ್ಕೊನೆ ಈ ಬಗೆಯ ಇಂಜಿನ್ ಯೋಚಿಸಿದ್ದರು. ಯಾರೂ ಗಮನ ಕೊಡಲಿಲ್ಲ. 1930ರ ದಶಕದಲ್ಲಿ ಮ್ಯೂನಿಕ್‌ನ ಪಾಲ್ ಶ್ಮಿಟ್ ಅದನ್ನು ಮತ್ತೆ ಕೈಗೆತ್ತಿಕೊಂಡ. ಜರ್ಮನ್ ಸೇನೆ ಹಣ ಕೊಟ್ಟಿತು, ಬರ್ಲಿನ್ನಿನ ಆರ್ಗಸ್ ಕಂಪನಿ ತನ್ನದೇ ಮಾದರಿ ತಯಾರಿಸಿತು. ಗಾಳಿ ಬರುವ ಬಾಯಿಗೆ ಅದು ಸ್ಪ್ರಿಂಗ್ ಉಕ್ಕಿನ ತೆಳು ರೆಕ್ಕೆಗಳ ಜಾಲರಿ ಹಾಕಿತು. ಒತ್ತಡ ಇಳಿದಾಗ ತೆರೆದು, ಏರಿದಾಗ ಮುಚ್ಚುವ ರೆಕ್ಕೆಗಳು. ಸೆಕೆಂಡಿಗೆ ಸುಮಾರು 45 ಬಾರಿ ಪಟಪಟಿಸಿ, ಒಂದು ಗಂಟೆಯೊಳಗೆ ಸವೆದು ಹಾಳಾಗುತ್ತಿದ್ದವು.

ಒಂದು ಗಂಟೆ ಸಾಕಾಗಿತ್ತು. ಇಂಜಿನ್ ವಾಪಸು ಬರಬೇಕಾಗಿರಲಿಲ್ಲ.

1944ರ ಜೂನ್ 13ರಂದು ಲಂಡನ್ನಿನ ಮೇಲೆ ಮೊದಲ ವಿ-1 ಬಿತ್ತು. ಪೈಲಟ್ ಇಲ್ಲದ ಪುಟ್ಟ ವಿಮಾನ, ಮೂತಿಯಲ್ಲಿ ಸುಮಾರು 850 ಕಿಲೋ ಸಿಡಿಮದ್ದು, ಬೆನ್ನ ಮೇಲೆ ಒಲೆಯ ಹೊಗೆಕೊಳವೆಯಂತೆ ಕಾಣುವ ಆರ್ಗಸ್ ಇಂಜಿನ್. ತಗಡು ಅಗ್ಗದ್ದು, ಇಂಧನ ಕೆಳದರ್ಜೆಯ ಪೆಟ್ರೋಲು. ಅದರ ಗುರ್ರೆನ್ನುವ ಸದ್ದಿಗೆ ಲಂಡನ್ನಿನವರು ಬಝ್ ಬಾಂಬ್ ಎಂದರು, ಡೂಡಲ್‌ಬಗ್ ಎಂದರು. ಸದ್ದು ಕೇಳುತ್ತಿರುವ ತನಕ ಜೀವಕ್ಕೆ ಭಯವಿಲ್ಲ. ತಲೆಯ ಮೇಲೆ ಸದ್ದು ನಿಂತಿತೆಂದರೆ ಮೇಜಿನ ಕೆಳಗೆ ನುಗ್ಗಬೇಕು. ಬ್ರಿಟನ್ನಿನಲ್ಲಿ 6,000ಕ್ಕೂ ಹೆಚ್ಚು ಜನ ವಿ-1ಕ್ಕೆ ಬಲಿಯಾದರು. ಬಿದ್ದ ಬಾಂಬುಗಳ ಚೂರು ಒಯ್ದ ಅಮೆರಿಕದವರು ವಾರಗಳೊಳಗೆ ತಮ್ಮದೇ ನಕಲು ಮಾಡಿಕೊಂಡರು. ಅಷ್ಟು ಬೇಗ ನಕಲಾಯಿತೆಂದರೆ ಈ ಯಂತ್ರ ಎಷ್ಟು ಸರಳವಾದದ್ದೆಂದು ಊಹಿಸಬಹುದು.

ಯುದ್ಧ ಮುಗಿಯಿತು. ಟರ್ಬೈನ್ ಜೆಟ್ ಗೆದ್ದಿತು. ಪಲ್ಸ್ ಜೆಟ್ ಕೈಯುದ್ದಕ್ಕೆ ಇಳಿದು, ಡೈನಾಜೆಟ್ ಎಂಬ ಹೆಸರಿನಲ್ಲಿ ಆಟದ ವಿಮಾನಗಳ ಮೇಲೆ ಕೂತಿತು. ದೊಡ್ಡ ಕೆಲಸಕ್ಕೆ ಅದನ್ನು ಇನ್ನೊಮ್ಮೆ ಕರೆದವರು ಕ್ಯಾಲಿಫೋರ್ನಿಯಾದ ಹಿಲ್ಲರ್ ಕಂಪನಿಯವರು. ಹೆಲಿಕಾಪ್ಟರ್ ಮಾಡುತ್ತಿದ್ದ ಆ ಕಂಪನಿಯಲ್ಲಿ ರೇಮಂಡ್ ಲಾಕ್‌ವುಡ್ 1960ರ ದಶಕದಲ್ಲಿ ರೆಕ್ಕೆಗಳ ಜಾಲರಿಯನ್ನೇ ಕಿತ್ತೆಸೆದು, ಹಳೆಯ ಮಾರ್ಕೊನೆಯ ದಾರಿಯಲ್ಲಿ, ಕವಾಟವೇ ಇಲ್ಲದ ಇಂಜಿನ್ ಪಳಗಿಸಿದರು. ಕವಾಟವಿಲ್ಲದಿದ್ದರೆ ಗಾಳಿ ಬರುವ ಬಾಯಿಂದಲೂ ಬೆಂಕಿ ಉಗುಳುತ್ತದಲ್ಲ, ಅದು ಮುಂದಕ್ಕೆ ಉಗುಳಿದರೆ ತಳ್ಳುವ ಬಲ ನಷ್ಟ. ಲಾಕ್‌ವುಡ್ ಅವರ ಉಪಾಯ ಇಷ್ಟೇ: ಇಡೀ ಕೊಳವೆಯನ್ನು ಇಂಗ್ಲಿಷಿನ ಯು ಅಕ್ಷರದಂತೆ ಬಗ್ಗಿಸಿ ಎರಡೂ ಬಾಯಿಗಳನ್ನು ಹಿಂದಕ್ಕೆ ತಿರುಗಿಸಿದರು. ಬರುವಾಗ ಗಾಳಿ ಎತ್ತಲಿಂದ ಬಂದರೇನು, ಹೋಗುವುದೆಲ್ಲ ಹಿಂದಕ್ಕೇ. ನೆಟ್ಟಗೆ ಮೇಲೇಳುವ ವಿಮಾನಕ್ಕೆ ಇದು ಒದಗೀತೆಂದು ಹಿಲ್ಲರ್ ನಂಬಿತ್ತು. ಒದಗಲಿಲ್ಲ. ಸದ್ದು ಹೆಚ್ಚು, ಇಂಧನ ಇನ್ನೂ ಹೆಚ್ಚು. ವರದಿ, ಪೇಟೆಂಟು, ನಕ್ಷೆಗಳು ಉಳಿದವು.

ಆ ನಕ್ಷೆಗಳೇ ಹವ್ಯಾಸಿಗಳ ಆಸ್ತಿಯಾದವು. ನ್ಯೂಜಿಲೆಂಡಿನ ಬ್ರೂಸ್ ಸಿಂಪ್ಸನ್ ಪಲ್ಸ್ ಜೆಟ್‌ಗಳನ್ನು ಮಾಡಿ, ಗೋ-ಕಾರ್ಟಿಗೂ ಕಟ್ಟಿದರು. 2003ರಲ್ಲಿ ಅದೇ ಇಂಜಿನ್ನಿನಿಂದ ಅಗ್ಗದ ಕ್ಷಿಪಣಿಯನ್ನೂ ಮಾಡಬಹುದೆಂದು ಹೊರಟಾಗ ಅಲ್ಲಿನ ಸರ್ಕಾರಕ್ಕೆ ದಿಗಿಲಾಯಿತು. ವಿ-1ರ ವಂಶ ಎಂಬುದು ಆಗ ಎಲ್ಲರಿಗೂ ನೆನಪಾಗಿರಬೇಕು.

ಇನ್ನು ಇಂಥ ಕವಾಟವಿಲ್ಲದ ಇಂಜಿನ್ನನ್ನು ಶೆಡ್ಡಿನಲ್ಲಿ ಮಾಡುವ ಬಗೆ. ಮೊದಲು ಕಾಗದದಲ್ಲಿ ನಕ್ಷೆ. ಕೊಳವೆಯ ಹೆಚ್ಚಿನ ಭಾಗ ಒಂದೇ ಗಾತ್ರದ್ದಲ್ಲ, ಮೆಲ್ಲಗೆ ಅಗಲವಾಗುತ್ತ ಹೋಗುವ ಆಲಿಕೆಯ ಆಕಾರ. ಆ ಆಕಾರವನ್ನು ಬಿಡಿಸಿ ಹಾಸಿದರೆ ಬೀಸಣಿಗೆಯಂಥ ತುಂಡು ಸಿಗುತ್ತದೆ. ಅದನ್ನು ಸ್ಟೇನ್‌ಲೆಸ್ ಸ್ಟೀಲ್ ತಗಡಿನ ಮೇಲಿಟ್ಟು ಗೆರೆ ಎಳೆದು, ಕತ್ತರಿಸಿ, ಪೈಪಿನ ಸುತ್ತ ಬಡಿದು ಬಡಿದು ಸುತ್ತಬೇಕು. ಅಂಚುಗಳು ಕೂಡಿದಲ್ಲಿ ಮೊದಲು ಚುಕ್ಕೆ ಚುಕ್ಕೆಯಾಗಿ ವೆಲ್ಡಿಂಗ್, ಓರೆಯಾಗಿಲ್ಲವೆಂದು ಖಾತ್ರಿಯಾದ ಮೇಲೆ ಉದ್ದಕ್ಕೆ. ಕೊಳವೆಯ ಉದ್ದ, ಡಬ್ಬಿಯ ಗಾತ್ರ ಎರಡರ ನಡುವೆ ತಾಳ ಕೂಡದಿದ್ದರೆ ಇಂಜಿನ್ ನಾಲ್ಕು ಸಲ ಬುಸುಗುಟ್ಟಿ ಸುಮ್ಮನಾಗುತ್ತದೆ. ಶುರುಮಾಡಲು ತೋಟದ ತರಗೆಲೆ ಊದುವ ಬ್ಲೋವರ್ ತಂದು ಬಾಯಿಗೆ ಹಿಡಿದು, ಗ್ಯಾಸು ಬಿಟ್ಟು, ಕಿಡಿ ಕೊಡಬೇಕು. ಡಬ್ ಡಬ್ ಎನ್ನುತ್ತ, ಒಮ್ಮೆಲೆ ಆ ಶಬ್ದಗಳೆಲ್ಲ ಸೇರಿ ಒಂದೇ ಮೊರೆತವಾಗುತ್ತದೆ. ಆಮೇಲೆ ಬ್ಲೋವರ್ ತೆಗೆದರೂ ಅದು ನಿಲ್ಲದು. ಸ್ವಲ್ಪ ಹೊತ್ತಿಗೆ ಡಬ್ಬಿ ಕೆಂಪಗಾಗಿ, ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ.

ಉರಿಸುವುದು ಪ್ರೊಪೇನ್ ಗ್ಯಾಸು. ಇಲ್ಲೊಂದು ವಿಚಿತ್ರವಿದೆ. ಸಿಲಿಂಡರಿನಲ್ಲಿ ದ್ರವವಾಗಿರುವ ಗ್ಯಾಸು ಅನಿಲವಾಗಲು ಶಾಖ ಬೇಕು, ಆ ಶಾಖವನ್ನು ಅದು ಸಿಲಿಂಡರಿನಿಂದಲೇ ಕಸಿಯುತ್ತದೆ. ಜೆಟ್ ಎಳೆಯುವ ವೇಗಕ್ಕೆ ಸಿಲಿಂಡರ್ ಕೊರೆಯುವಷ್ಟು ತಣ್ಣಗಾಗಿ, ಮೈಮೇಲೆ ಹಿಮ ಕಟ್ಟಿ, ಒತ್ತಡವೇ ಕುಸಿಯುತ್ತದೆ. ಒಂದೇ ಸೈಕಲ್ಲಿನಲ್ಲಿ ಒಂದು ಕಡೆ ಕೆಂಪಗೆ ಕಾದ ಉಕ್ಕು, ಇನ್ನೊಂದು ಕಡೆ ಬಿಳಿ ಹಿಮ.

ಸವಾರಿಯ ಮಾತು. ಜೆಟ್ ಚಕ್ರವನ್ನು ತಿರುಗಿಸುವುದಿಲ್ಲ, ಫ್ರೇಮನ್ನೇ ಮುಂದಕ್ಕೆ ದೂಡುತ್ತದೆ. ಚೈನು, ಪೆಡಲು ಸುಮ್ಮನೆ ಜೊತೆಗೆ ಬರುತ್ತವೆ. ಬ್ರೇಕು, ಟೈರು, ಹ್ಯಾಂಡಲ್ ಮಾತ್ರ ಅಂಗಡಿಗೆ ಹೋಗಿಬರುವ ವೇಗಕ್ಕೆ ಮಾಡಿದವು. ವೇಗ 20ರಿಂದ 80ಕ್ಕೆ ಏರಿದರೆ ನಿಲ್ಲಿಸಲು ಬೇಕಾದ ದೂರ ನಾಲ್ಕು ಪಟ್ಟಲ್ಲ, ಹದಿನಾರು ಪಟ್ಟು. ನೆಟ್ಟಗೆ ಕೂತ ಸವಾರ 80ರಲ್ಲಿ ಹೋಗಬೇಕಾದರೆ ಗಾಳಿಯ ತಡೆ ಮೀರಲು ಸುಮಾರು 18 ಕಿಲೋ ತೂಕದಷ್ಟು ತಳ್ಳುಬಲ ಸಾಕು. ಲೆಕ್ಕ ಹಾಕಿದರೆ ಐದೂವರೆ ಅಶ್ವಶಕ್ತಿಯೂ ಆಗುವುದಿಲ್ಲ. ನಮ್ಮ ಬೀದಿಯ 100 ಸಿಸಿ ಬೈಕು ಎಂಟು ಕೊಡುತ್ತದೆ, ಅದೂ ಲೀಟರಿಗೆ ಐವತ್ತು ಕಿಲೋಮೀಟರ್ ಮೀರಿ. ಸಾಗಣೆಯ ಸಾಧನವಾಗಿ ನೋರಾ ಶುದ್ಧ ದಂಡ. ಬರೀ ವೇಗದ ಲೆಕ್ಕದಲ್ಲೂ ಅದು ಹಿಂದೆಯೇ. 2014ರ ನವೆಂಬರ್ 7ರಂದು ಫ್ರಾನ್ಸಿನ ಪಾಲ್ ರಿಕಾರ್ಡ್ ರೇಸ್ ಟ್ರ್ಯಾಕಿನಲ್ಲಿ ಫ್ರಾನ್ಸ್ವಾ ಜಿಸ್ಸಿ, ಸ್ವಿಟ್ಜರ್‌ಲೆಂಡಿನ ಆರ್ನಾಲ್ಡ್ ನೆರಾಕರ್ ಮಾಡಿದ ಹೈಡ್ರೋಜನ್ ಪೆರಾಕ್ಸೈಡ್ ರಾಕೆಟ್ ಕಟ್ಟಿದ ಸೈಕಲ್ಲಿನಲ್ಲಿ 4.8 ಸೆಕೆಂಡಿನಲ್ಲಿ 333 ಕಿಲೋಮೀಟರ್ ವೇಗ ಮುಟ್ಟಿ, ಪಕ್ಕದಲ್ಲಿ ಹೊರಟಿದ್ದ ಫೆರಾರಿಯನ್ನು ಹಿಂದೆ ಹಾಕಿದರು. ಆದರೆ ಅದು ಪರಿಣತರ ರಾಕೆಟ್ಟು. ನೋರಾ ವೆಲ್ಡಿಂಗ್ ಬಲ್ಲ ಯಾರಾದರೂ ಅರ್ಥಮಾಡಿಕೊಳ್ಳಬಲ್ಲ ಯಂತ್ರ. ನನ್ನ ಮತ ನೋರಾಗೇ.

ಓದಿ ಕೈ ತುರಿಸಿದವರಿಗೆ ಒಂದು ಮಾತು. ಅಡುಗೆಮನೆಯ ಸಿಲಿಂಡರನ್ನು ಗಾಡಿಗೆ ಬಳಸುವುದು ನಮ್ಮಲ್ಲಿ ಅಪರಾಧ. ಇಂಜಿನ್ ಕಟ್ಟಿದ ಸೈಕಲ್ ರಸ್ತೆಗಿಳಿದರೆ ಮೋಟಾರು ವಾಹನ ಕಾಯ್ದೆಯೂ ಬೆನ್ನು ಹತ್ತುತ್ತದೆ. ಅದರ ಬದಲು ಮುಂದಿನ ಜಾತ್ರೆಯಲ್ಲಿ ತಗಡಿನ ಪಟಪಟ ದೋಣಿ ಕೊಳ್ಳಿ. ಪುಟ್ಟ ದೀಪದ ಶಾಖಕ್ಕೆ ಅದರೊಳಗಿನ ನೀರು ಆವಿಯಾಗಿ ಕೊಳವೆಯಿಂದ ನೀರನ್ನು ಹಿಂದಕ್ಕೆ ಚಿಮ್ಮುತ್ತದೆ, ಆವಿ ತಣಿದಾಗ ಮತ್ತೆ ನೀರು ಒಳಕ್ಕೆ ಬರುತ್ತದೆ. ಚಿಮ್ಮುವುದು ಒಂದೇ ದಿಕ್ಕಿಗೆ, ಬರುವುದು ಎಲ್ಲ ದಿಕ್ಕಿನಿಂದ, ಹಾಗಾಗಿ ದೋಣಿ ಮುಂದೆ ಹೋಗುತ್ತದೆ. ಕವಾಟವಿಲ್ಲದ ಪಲ್ಸ್ ಜೆಟ್ಟಿಗೆ ಇದು ಹತ್ತಿರದ ನೆಂಟ. ಥಾಮಸ್ ಪಿಯೊ ಎಂಬಾತ 1891ರಲ್ಲೇ ಇದರ ಪೇಟೆಂಟಿಗೆ ಅರ್ಜಿ ಹಾಕಿದ್ದ. ಬಕೀಟಿನಲ್ಲಿ ಬಿಡುವ ಮುನ್ನ ಎರಡೂ ಕೊಳವೆಗೆ ನೀರು ತುಂಬುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಹೊರಡುವುದಿಲ್ಲ.