ನಲವತ್ತರ ಬಿಪಿ, ಎಪ್ಪತ್ತರ ನೆನಪು

1965ರಲ್ಲಿ ಹವಾಯಿಯ ಓಹು ದ್ವೀಪದಲ್ಲಿ ಎಂಟು ಸಾವಿರ ಗಂಡಸರ ತೋಳಿಗೆ ಬಿಪಿ ಪಟ್ಟಿ ಕಟ್ಟಲು ಹೊರಟ ವೈದ್ಯರ ಕಣ್ಣಿದ್ದದ್ದು ಹೃದಯದ ಮೇಲೆ. ಎಲ್ಲರೂ ಜಪಾನಿ ಮೂಲದವರು, 45ರಿಂದ 68ರ ವಯಸ್ಸಿನವರು. 1991ರಲ್ಲಿ, ಬದುಕಿದ್ದವರನ್ನು ಮತ್ತೆ ಕರೆಸಿ ನೆನಪು, ಗಮನ, ಲೆಕ್ಕದ ಪರೀಕ್ಷೆ ಶುರು ಮಾಡಿದರು. ಅಷ್ಟರಲ್ಲಿ ಅವರ ಸರಾಸರಿ ವಯಸ್ಸು 78. ಹಳೆಯ ಕಡತ ತೆಗೆದು ತಾಳೆ ನೋಡಿದರೆ, ನಡುವಯಸ್ಸಿನಲ್ಲಿ ಬಿಪಿಯ ಮೇಲಿನ ಅಂಕಿ 10ರಷ್ಟು ಏರಿದಂತೆಲ್ಲ, ಮುಪ್ಪಿನಲ್ಲಿ ಬುದ್ಧಿಶಕ್ತಿ ತೀರಾ ಕುಗ್ಗುವ ಸಂಭವ ಶೇ 9ರಷ್ಟು ಹೆಚ್ಚಿತ್ತು. ಲೆನೋರ್ ಲಾನರ್ ಮತ್ತು ಸಂಗಡಿಗರು ಇದನ್ನು ಪ್ರಕಟಿಸಿದ್ದು 1995ರಲ್ಲಿ.

ಈ ನಂಟು ಅಷ್ಟು ಕಾಲ ಕಣ್ತಪ್ಪಿಸಿಕೊಂಡಿದ್ದಕ್ಕೆ ಕಾರಣವಿದೆ. ಮರೆವಿನ ರೋಗಿಗಳ ಬಿಪಿ ನೋಡಿದರೆ ಅದು ಎಷ್ಟೋ ಸಲ ಸಾಧಾರಣವಾಗಿಯೇ, ಕೆಲವೊಮ್ಮೆ ಕಡಿಮೆಯೇ ಇರುತ್ತದೆ. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ 70ರ ಹಿರಿಯರನ್ನು ಹದಿನೈದು ವರ್ಷ ಹಿಂಬಾಲಿಸಿದ ಇಂಗ್ಮಾರ್ ಸ್ಕೂಗ್ 1996ರಲ್ಲಿ ಈ ಗಂಟು ಬಿಡಿಸಿದರು. ಮುಂದೆ ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆಗೆ ತುತ್ತಾದವರಿಗೆ 70ರಲ್ಲಿ ಬಿಪಿ ಹೆಚ್ಚಿತ್ತು. ಕಾಯಿಲೆ ಕಾಣಿಸಿಕೊಳ್ಳುವ ಮೊದಲಿನ ವರ್ಷಗಳಲ್ಲಿ ಅದು ತಾನಾಗಿಯೇ ಇಳಿದಿತ್ತು. ಲಂಡನ್ನಿನ ಸರ್ಕಾರಿ ನೌಕರರ ವೈಟ್‌ಹಾಲ್ ಅಧ್ಯಯನವೂ 2018ರಲ್ಲಿ ನಡುವಯಸ್ಸಿನ ಬಿಪಿಯತ್ತಲೇ ಬೆರಳು ತೋರಿಸಿತು: 50ರಲ್ಲಿ 130 ಮುಟ್ಟಿದವರಿಗೆ ಅಪಾಯ ಹೆಚ್ಚು, 60ರಲ್ಲಿ, 70ರಲ್ಲಿ ಅಷ್ಟೇ ಬಿಪಿ ಇದ್ದವರಲ್ಲಿ ಆ ನಂಟು ಕಾಣಲಿಲ್ಲ.

ಮಿದುಳಿನ ಆಳಕ್ಕೆ ರಕ್ತ ಒಯ್ಯುವ ಕೂದಲೆಳೆಯಂಥ ನಾಳಗಳು ದೊಡ್ಡ ಅಪಧಮನಿಯಿಂದ ನೇರವಾಗಿ ಕವಲೊಡೆಯುತ್ತವೆ. ಮುಖ್ಯ ನಾಲೆಯ ನೀರನ್ನು ಸಸಿಮಡಿಗೆ ನೇರ ನುಗ್ಗಿಸಿದಂತೆ, ಒತ್ತಡವೆಲ್ಲ ಅವುಗಳ ಮೇಲೆಯೇ ಬೀಳುತ್ತದೆ. ಗೋಡೆ ದಪ್ಪವಾಗುತ್ತದೆ, ದಾರಿ ಕಿರಿದಾಗುತ್ತದೆ, ಮಿದುಳಿನ ಭಾಗಗಳನ್ನು ಬೆಸೆಯುವ ಬಿಳಿಯ ನರತಂತುಗಳು ಸೊರಗುತ್ತವೆ. ಗೊತ್ತೇ ಆಗದ ಪುಟ್ಟ ಪುಟ್ಟ ಪಾರ್ಶ್ವವಾಯುಗಳೂ ಆಗಬಹುದು. ಇಂಥವರಲ್ಲಿ ಮೊದಲು ಕೈಕೊಡುವುದು ಹೆಚ್ಚಾಗಿ ನೆನಪಲ್ಲ, ಚುರುಕು. ಮನೆಮಂದಿಯ ಮದುವೆಗಳನ್ನೆಲ್ಲ ನಿಂತು ನಡೆಸಿದಾಕೆಗೆ ಸಾಮಾನಿನ ಪಟ್ಟಿ ಹೊಂದಿಸುವುದೇ ತ್ರಾಸವಾಗುತ್ತದೆ. ‘ಅರುವತ್ತಕ್ಕೆ ಅರಳುಮರಳು’ ಎಂದು ನಾವು ಸುಮ್ಮನಾಗುತ್ತೇವೆ.

ಬಿಪಿ ಇಳಿಸಿದರೆ ಪ್ರಯೋಜನವಿದೆಯೇ? ಅಮೆರಿಕದಲ್ಲಿ 50 ದಾಟಿದ 9,361 ಮಂದಿಯ ಮೇಲೆ ನಡೆದ ಸ್ಪ್ರಿಂಟ್ ಪ್ರಯೋಗದಲ್ಲಿ, 140ರ ಬದಲು 120ರೊಳಗೆ ತರುವ ಗುರಿ ಇಟ್ಟುಕೊಂಡವರಲ್ಲಿ ಡಿಮೆನ್ಷಿಯಾಕ್ಕೆ ಮುಂಚಿನ ಸೌಮ್ಯ ಹಂತದ ಕುಗ್ಗುವಿಕೆ ಶೇ 19ರಷ್ಟು ತಗ್ಗಿತು. ಪೂರ್ಣ ಡಿಮೆನ್ಷಿಯಾ ತಗ್ಗಿತೆಂದು ಖಚಿತವಾಗಿ ಹೇಳಲಾಗಲಿಲ್ಲ. ಚಿಕಿತ್ಸೆಯನ್ನು ನಿಗದಿಗಿಂತ ಮೊದಲೇ ನಿಲ್ಲಿಸಿದ್ದರು. ನನ್ನ ಮಟ್ಟಿಗೆ ಈ ಶೇ 19 ಸಣ್ಣ ಮಾತಲ್ಲ. ಮರೆವಿಗೆ ಮದ್ದು ಹುಡುಕಿ ಸೋತ ದಶಕಗಳ ನಡುವೆ, ಅಗ್ಗದ ಮಾತ್ರೆಗಳಿಂದ ಸಿಕ್ಕ ಫಲ ಇದು. 2024ರ ಲ್ಯಾನ್ಸೆಟ್ ಆಯೋಗದ ಸಲಹೆಯೂ 40ರಿಂದಲೇ ಮೇಲಿನ ಅಂಕಿಯನ್ನು 130ರೊಳಗೆ ಇರಿಸಿಕೊಳ್ಳಿ ಎಂದೇ.

ಇವೆಲ್ಲ ಹೊರದೇಶದ ಲೆಕ್ಕ. ನಮ್ಮ ಹಳ್ಳಿಗಳ ಲೆಕ್ಕ ಕೋಲಾರದ ಶ್ರೀನಿವಾಸಪುರದಲ್ಲಿ ಸಿದ್ಧವಾಗುತ್ತಿದೆ: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ, 45 ದಾಟಿದ ಹತ್ತು ಸಾವಿರ ಗ್ರಾಮಸ್ಥರನ್ನು ವರ್ಷಗಟ್ಟಲೆ ಹಿಂಬಾಲಿಸುವ ಗುರಿ ಇಟ್ಟುಕೊಂಡಿದೆ.

ಅದು ಕೈಗೆ ಬರುವವರೆಗೆ ಕಾಯಬೇಕಿಲ್ಲ. ‘ತಲೆ ಸುತ್ತಲ್ಲ, ನನಗೆಲ್ಲಿಯ ಬಿಪಿ’ ಎನ್ನುವವರು, ‘ನಾರ್ಮಲ್ ಬಂತು’ ಎಂದು ವೈದ್ಯರನ್ನು ಕೇಳದೆ ಮಾತ್ರೆ ಬಿಡುವವರು ಪ್ರತಿ ಊರಿನಲ್ಲೂ ಇದ್ದಾರೆ. ನಾರ್ಮಲ್ ಬಂದದ್ದು ಮಾತ್ರೆಯಿಂದ. ಅಪ್ಪನ ಮರೆವಿಗೆಂದು ಆಸ್ಪತ್ರೆಗೆ ಬರುವ ಮಗನಿಗೆ, ಮಗಳಿಗೆ ಸಾಮಾನ್ಯವಾಗಿ ನಲವತ್ತೈದು, ಐವತ್ತರ ವಯಸ್ಸು. ಅದೇ ಕೋಣೆಯಲ್ಲಿ, ಅದೇ ಪಟ್ಟಿಯನ್ನು ಅವರ ತೋಳಿಗೂ ಕಟ್ಟಿ ಅಂಕಿ ಬರೆದುಕೊಡುವ ಪದ್ಧತಿಯನ್ನು ನಮ್ಮ ಆಸ್ಪತ್ರೆಗಳು ಈಗಲೇ ತರಬೇಕು. ಇದಕ್ಕೆ ಹೊಸ ಯಂತ್ರವೇನೂ ಬೇಕಿಲ್ಲ, ಎರಡು ನಿಮಿಷ ಸಾಕು.