ಯೋಗಕ್ಷೇಮ



"ನಮ್ಮ ಯೋಗಕ್ಷೇಮವೆಲ್ಲ ಶಿವನಿಗೆ ಸೇರಿದ್ದು" ಎಂದು ನಾವೆಲ್ಲರೂ ಹೇಳುತ್ತೇವೆ. ಆದರೆ ಈ ಮಾತಿನ ಅರ್ಥವನ್ನು ವಿಚಾರಿಸುವವರು ವಿರಳ. ಇದರಲ್ಲಿ ಎರಡು ಪದಗಳಿವೆ. ಇಲ್ಲದಿದ್ದುದು ಬಂದು ಸೇರುವುದು ಯೋಗ; ಬಂದು ಸೇರಿದ್ದು ಕೆಡದಂತೆ ಉಳಿಯುವುದು ಕ್ಷೇಮ. ಬರುವ ಕಾಲ ಬೇರೆ, ಉಳಿಸಿಕೊಳ್ಳುವ ಕಾಲ ಬೇರೆ. ಎರಡೂ ಶಿವನವೇ.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳು ಬರಪೀಡಿತವೆಂದು ಸರ್ಕಾರ ಸಾರಿತು. ಆ ವರ್ಷ ವಯಸ್ಸಾದ ಒಕ್ಕಲಿಗ ಭಕ್ತನೊಬ್ಬ ಮಠಕ್ಕೆ ಬಂದು, "ಅಪ್ಪಾರ, ನಾ ಲಿಂಗಪೂಜಿ ಬಿಟ್ಟಿಲ್ಲ, ಕಾಯಕ ಬಿಟ್ಟಿಲ್ಲ. ಶಿವ ನನ್ನ ಕೈ ಯಾಕ ಬಿಟ್ಟ?" ಎಂದು ಕೇಳಿದ. ನಾವು ಶಾಸ್ತ್ರದ ನಾಲ್ಕು ಮಾತು ಹೇಳಿದೆವು. ಆತನ ಮುಖ ತಿಳಿಯಾಗಲಿಲ್ಲ. ಆಗ ನಾವೇ ಆತನನ್ನು ಕೇಳಿದೆವು: "ಮಳೆಗಾಲದಲ್ಲಿ ನಿನ್ನ ಎರೆಹೊಲವನ್ನು ಬಿತ್ತದೆ ಯಾಕೆ ಬಿಡುತ್ತೀಯಪ್ಪಾ?" "ನೀರು ಕುಡೀಲಿ ಅಂತ ಬಿಡ್ತೀವ್ರಿ" ಎಂದ.

ನೋಡಿರಿ, ವಿಜಯಪುರ ಸೀಮೆಯ ಬಿಳಿಜೋಳದ ಮರ್ಮವೆಲ್ಲ ಈ ಮಾತಿನಲ್ಲಿದೆ. ಮಳೆಗಾಲದಲ್ಲಿ ಎರೆಹೊಲ ಬರಿದಾಗಿ ಬಿದ್ದಂತೆ ಕಾಣುತ್ತದೆ. ಆದರೆ ಅದು ಸುಮ್ಮನೆ ಬಿದ್ದಿಲ್ಲ. ಒಡ್ಡಿನೊಳಗೆ ನಿಂತ ನೀರನ್ನು ಕುಡಿಯುತ್ತಿದೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿತ್ತಿದ ಮೇಲೆ ಮಳೆ ಹೆಚ್ಚಾಗಿ ಬೀಳುವುದಿಲ್ಲ. ನೆಲ ಬಿರಿಯುತ್ತದೆ. ರೈತ ಎಡೆಕುಂಟೆ ಹೊಡೆದು ಬಿರುಕು ಮುಚ್ಚುತ್ತಾನೆ. ಒಳಗಿನ ಹಸಿಯಿಂದಲೇ ಜೋಳ ತೆನೆ ಕಟ್ಟುತ್ತದೆ. ಕುಡಿದದ್ದು ಯೋಗ, ಬಿರುಕು ಮುಚ್ಚಿದ್ದು ಕ್ಷೇಮ. ವಿಶ್ರಾಂತಿಯ ದಿನಗಳನ್ನು ವ್ಯರ್ಥವೆಂದು ತಿಳಿಯಬಾರದು. ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡದ ನಮ್ಮ ಹಿರಿಯರಿಗೆ ಇದು ತಿಳಿದಿತ್ತು.

ಆ ಭಕ್ತ ಅಷ್ಟಕ್ಕೇ ಬಿಡಲಿಲ್ಲ. "ಖರೇ ಅಪ್ಪಾರ. ಆದರ ಈ ವರ್ಷ ಕುಡಿಯಾಕ ಮಳಿನ ಆಗಲಿಲ್ಲಲ್ಲ?" ಎಂದ. ಈ ಪ್ರಶ್ನೆ ನ್ಯಾಯವಾದುದು. ನೆಲದಲ್ಲಿ ಹಸಿಯೇ ಇಲ್ಲದಾಗ ಶಿವನು ಎಲ್ಲಿಂದ ಕೊಡುತ್ತಾನೆ?

ಇದಕ್ಕೆ ಉತ್ತರ ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿದೆ. ಆಯ್ದಕ್ಕಿ ಮಾರಯ್ಯನವರು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುತ್ತಿದ್ದರು. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಪತ್ನಿ ಲಕ್ಕಮ್ಮನವರು ಒಪ್ಪಲಿಲ್ಲ. ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬನ್ನಿರೆಂದು ಕಳುಹಿಸಿದರು. ಆ ತಾಯಿಯ ಮನೆಯಲ್ಲಿ ಸಂಗ್ರಹವಿರಲಿಲ್ಲ, ಬಡತನವಿತ್ತು. ಆದರೂ ನಾಳೆಯ ಭಯವಿರಲಿಲ್ಲ. ನಮ್ಮ ಪಾಲಿಗಿಂತ ಹೆಚ್ಚಾದುದು ಇನ್ನೊಬ್ಬರ ಪಾಲು ಎಂಬುದನ್ನು ಅವರು ಬಲ್ಲವರಾಗಿದ್ದರು. ಮಳೆಯಿಂದ ಬಾರದುದನ್ನು ಶಿವನು ಮನುಷ್ಯರ ಕೈಯಿಂದ ಕೊಡಿಸುತ್ತಾನೆ. ಅದಕ್ಕೇ ಶರಣರು ಕಾಯಕದ ಜೊತೆಗೆ ದಾಸೋಹವನ್ನು ಇಟ್ಟರು.

ಹಾಗಾದರೆ ಕೂಡಿಡಬಾರದೆ? ಇಡಬೇಕು. ಹಿರಿಯರು ಹಗೇವು ತೋಡಿ ಜೋಳ ತುಂಬುತ್ತಿದ್ದರು. ಆದರೆ ಬಹುಕಾಲ ಮುಚ್ಚಿದ ಹಗೇವಿನ ಬಾಯಿ ತೆರೆದೊಡನೆ ಯಾರೂ ಒಳಗಿಳಿಯುತ್ತಿರಲಿಲ್ಲ. ಒಳಗಿನ ಕೆಟ್ಟ ಗಾಳಿ ಪ್ರಾಣ ತೆಗೆಯುತ್ತದೆಂದು ಅವರಿಗೆ ಗೊತ್ತಿತ್ತು. ಮುಚ್ಚಿಯೇ ಇಟ್ಟ ಸಂಪತ್ತಿನ ಗುಣವೂ ಅಂಥದೇ. ಹಸಿದವನು ಬಾಗಿಲಿಗೆ ಬಂದಾಗ "ಶಿವನಲ್ಲಿ ವಿಶ್ವಾಸವಿಡು" ಎಂದು ಬರಿಗೈಯಲ್ಲಿ ಕಳುಹಿಸುವುದು ಭಕ್ತಿಯಲ್ಲ. ಆ ಹೊತ್ತಿಗೆ ಶಿವನು ಅವನಿಗೆ ಕೊಡಲೆಂದು ಆರಿಸಿಕೊಂಡ ಕೈ ನಿಮ್ಮದೇ ಆಗಿರಬಹುದು.

ಆ ಭಕ್ತ ಅಂದು ಪ್ರಸಾದ ಸ್ವೀಕರಿಸಿದ. ಹೋಗುವಾಗ ದಾಸೋಹದ ಜೋಳದಲ್ಲಿ ಒಂದು ಚೀಲ ಕೊಡಿಸಿದೆವು. ಮೊದಲು ಸಂಕೋಚಪಟ್ಟ. "ಇದು ನೀನೇ ಹಿಂದಿನ ಸುಗ್ಗಿಗಳಲ್ಲಿ ಮಠಕ್ಕೆ ತಂದು ಹಾಕಿದ್ದು" ಎಂದಾಗ ಹೊತ್ತುಕೊಂಡ. ಪ್ರಸಾದವೆಂಬ ಪದಕ್ಕೆ ಪ್ರಸನ್ನತೆ, ತಿಳಿಯಾಗುವಿಕೆ ಎಂಬ ಅರ್ಥವಿದೆ. ಶಾಸ್ತ್ರದ ಮಾತಿಗೆ ತಿಳಿಯಾಗದ ಆ ಮುಖ ಆಗ ತಿಳಿಯಾದುದನ್ನು ನಾವು ಕಂಡೆವು.

ಸುಗ್ಗಿಯಲ್ಲಿ ಕೈ ಬಿಗಿಯದಿರಲಿ, ಬರದಲ್ಲಿ ಮನ ಕುಗ್ಗದಿರಲಿ. ಈ ಬುದ್ಧಿಯನ್ನು ಶಿವನು ತಮಗೆಲ್ಲರಿಗೂ ಕರುಣಿಸಲೆಂದು ಹಾರೈಸುತ್ತೇವೆ.